ಸಭಾಸೇವಕನ ಬಾಳು: ರೆವರೆಂಡ್ ಉತ್ತಂಗಿ ಚನ್ನಪ್ಪನವರು

ಸೊಕ್ಕೆಯಿಂದ ವಾಯವ್ಯಕ್ಕೆ ಮುಖಮಾಡಿ ಹೊರಟು, ಹರಪನಹಳ್ಳಿಯನ್ನು ಹಾದು, ತುಂಗಭದ್ರೆಯ ಸೀಮೆಯನ್ನು ಸೇರುವ ಪಯಣಿಗನಿಗೆ ಹೂವಿನ ಹಡಗಲಿಯ ತಾಲ್ಲೂಕಿನಲ್ಲಿ ಉತ್ತಂಗಿಯೆಂಬ ಊರು ಸಿಕ್ಕುವುದು. ಕರಿಯ ನೆಲ, ಜೋಳದ ಹೊಲ, ಮಳೆಗಾಗಿ ಬಾಯ್ದೆರೆದ ಕೆರೆ. ನಮ್ಮ ಜಗಳೂರು ಸೀಮೆಯವನಿಗೆ ಅಲ್ಲಿ ಹೊಸತೆನ್ನಿಸುವಂಥದು ಹೆಚ್ಚೇನೂ ಇಲ್ಲ. ಆದರೂ ಹಿಂದೆ ಈ ಅಲ್ಪದೂರದ ಹಾದಿಯಲ್ಲಿ ದೊರೆತನವೇ ಬೇರೆಯಾಗುತ್ತಿದ್ದಿತು. ಸೊಕ್ಕೆ ಮೈಸೂರು ಸಂಸ್ಥಾನದ ಚಿತ್ರದುರ್ಗಕ್ಕೆ ಸೇರಿದ್ದರೆ, ಹರಪನಹಳ್ಳಿ ಹಡಗಲಿಗಳು ಮದರಾಸಿನ ಆಧಿಪತ್ಯದ ಬಳ್ಳಾರಿ ಜಿಲ್ಲೆಯವಾಗಿದ್ದುವು. ಹೊಳೆಯಾಚೆಯ ಧಾರವಾಡವು ಮುಂಬಯಿಗೆ ಸೇರಿತ್ತು. ೧೯೫೩ರಲ್ಲಿ ಬಳ್ಳಾರಿಯ ತಾಲ್ಲೂಕುಗಳು ಮೈಸೂರಿಗೆ ಕೂಡಿ, ೧೯೫೬ರಲ್ಲಿ ಧಾರವಾಡವೂ ಬಂದು ಸೇರಿದ ಮೇಲೆಯೇ ಈ ನೆರೆಹೊರೆಯವರು ಒಂದೇ ಮನೆಯವರಾದುದು. ಹೀಗೆ ಮೂರು ದೊರೆತನಗಳಲ್ಲಿ ಹರಿದು ಹಂಚಿದ್ದ ನಾಡಿನಲ್ಲಿ, ಯಾವ ಗಡಿಯನ್ನೂ ಲೆಕ್ಕಿಸದೆ ಮನೆಮನೆಯ ಬಾಗಿಲಲ್ಲಿ ಕನ್ನಡವನ್ನು ಬೇಡುತ್ತ ತಿರುಗಿದವರೊಬ್ಬರ ಮನೆತನಕ್ಕೆ ಆ ಉತ್ತಂಗಿಯ ಹೆಸರು ನಿಂತಿತು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಚನ್ನಪ್ಪನವರನ್ನು ಸರ್ವಜ್ಞನ ವಚನಗಳ ಸಂಪಾದಕರೆಂದು ಬಲ್ಲವರು ಬಹಳ. ಅವರು ಕ್ರೈಸ್ತ ಸಭೆಯ ಬೋಧಕರಾಗಿದ್ದರೆಂಬುದನ್ನು ಬಲ್ಲವರೂ ಉಂಟು. ಆದರೆ ಈ ಎರಡು ಸಂಗತಿಗಳನ್ನು ಒಂದರ ಪಕ್ಕಕ್ಕೊಂದನ್ನು ಇರಿಸಿ ‘ಪಾದ್ರಿಯಾಗಿದ್ದರೂ ಕನ್ನಡದ ಸೇವೆ ಮಾಡಿದರು’ ಎಂದು ಹೇಳಿ ಮುಗಿಸುವುದು ನಮ್ಮ ವಾಡಿಕೆ. ಈ ‘ಆಗಿದ್ದರೂ’ ಎಂಬ ಮಾತು ಸರಿಯಲ್ಲವೆಂದು ನಮಗೆ ತೋರುವುದು. ಅವರು ಸಭೆಯ ಸೇವಕರಾಗಿದ್ದುದರಿಂದಲೇ ಅಂಥ ಸೇವೆ ಅವರಿಗೆ ಸಾಧ್ಯವಾಯಿತೆಂದು ತೋರಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ವಾಚಕರು ಮೊದಲು ಸ್ವಲ್ಪ ಹಿಂದಕ್ಕೆ, ಹತ್ತೊಂಬತ್ತು ಶತಮಾನಗಳಷ್ಟು ಹಿಂದಕ್ಕೆ, ನಮ್ಮೊಡನೆ ಬರಬೇಕಾಗುವುದು.

೧

ಕ್ರೈಸ್ತ ಸಭೆಯಲ್ಲಿ ‘ಡೀಕನ್’ ಎಂಬ ಒಂದು ಪದವಿಯುಂಟು. ಗ್ರೀಕಿನ ‘ದಿಯಾಕೊನೊಸ್’ ಎಂಬುದು ಅದರ ಮೂಲ. ಆ ಶಬ್ದಕ್ಕೆ ಊಳಿಗದವನು, ಪಂಕ್ತಿಯಲ್ಲಿ ಬಡಿಸುವವನು ಎಂದು ಅರ್ಥ. ನಮ್ಮ ಕನ್ನಡ ಸತ್ಯವೇದವನ್ನು ಸಿದ್ಧಪಡಿಸಿದವರು ಅದನ್ನು ‘ಸಭಾಸೇವಕ’ ಎಂದು ಅಂದವಾಗಿ ತಿರುಗಿಸಿರುವರು. ಈ ಪದವಿ ಹುಟ್ಟಿದ ಬಗೆಯನ್ನು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವು ಹೇಳುತ್ತದೆ. ಯೆರೂಸಲೇಮಿನ ಮೊದಲ ಸಭೆಯವರು ತಮ್ಮಲ್ಲಿದ್ದುದನ್ನು ಹಂಚಿಕೊಂಡು ಉಣ್ಣುತ್ತಿದ್ದರು. ದಿನದಿನದ ಆ ಹಂಚಿಕೆಯಲ್ಲಿ ಗ್ರೀಕು ಮಾತಾಡುವ ವಿಧವೆಯರಿಗೆ ಅನ್ನವು ಸರಿಯಾಗಿ ದೊರೆಯುತ್ತಿಲ್ಲವೆಂಬ ಗೊಣಗಾಟ ಎದ್ದಿತು. ವಾಕ್ಯೋಪದೇಶವನ್ನು ಬಿಟ್ಟು ಪಂಕ್ತಿಯ ಮೇಲ್ವಿಚಾರಣೆಗೆ ನಿಲ್ಲುವುದು ತಮಗೆ ಯುಕ್ತವಲ್ಲವೆಂದು ಅಪೊಸ್ತಲರು ಎಣಿಸಿ, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಗೆ ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ ಎಂಬ ಏಳು ಮಂದಿ ಹೀಗೆ ನೇಮಕವಾದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಈ ಏಳು ಹೆಸರುಗಳೂ ಗ್ರೀಕು ಹೆಸರುಗಳು. ಎಂದರೆ, ಯಾವ ಪಕ್ಷದವರು ತಮಗೆ ಅನ್ಯಾಯವಾಯಿತೆಂದು ದೂರಿದರೋ ಆ ಪಕ್ಷದವರ ಕೈಗೇ ಸಭೆಯು ಸೌಟನ್ನು ಕೊಟ್ಟಿತು. ಪಂಕ್ತಿಭೇದವನ್ನು ಕಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಂತೆ ಕಾಣದು. ಎರಡನೆಯ ಅಂಶ ಇನ್ನೂ ವಿಚಿತ್ರವಾದುದು. ವಾಕ್ಯದ ಕೆಲಸ ಒಬ್ಬರಿಗೆ, ಅನ್ನದ ಕೆಲಸ ಇನ್ನೊಬ್ಬರಿಗೆ ಎಂದು ಬೇರ್ಪಡಿಸಿದರಷ್ಟೆ. ಆದರೆ ಅನ್ನ ಬಡಿಸಲು ನಿಂತ ಮೊದಲಿಗನಾದ ಸ್ತೆಫನನೇ ವಾಗ್ಮಿಯಾಗಿ, ತನ್ನ ಮಾತಿನ ಕಾರಣದಿಂದಲೇ ಕಲ್ಲೇಟಿಗೆ ಈಡಾಗಿ, ಆ ಧರ್ಮದ ಮೊದಲ ಹುತಾತ್ಮನಾದನು. ಗೆರೆಯೆಳೆದವರು ಎಳೆದರೂ ಅನ್ನವೂ ಮಾತೂ ಬೇರೆಯಾಗಿ ನಿಲ್ಲಲಿಲ್ಲ.

ಮುಂದಿನ ಚರಿತ್ರೆಯಲ್ಲಿಯೂ ಈ ಪದವಿಯವರು ಬಡವರ ಬಳಿಯಲ್ಲಿಯೇ ಕಾಣಿಸಿಕೊಳ್ಳುತ್ತಾರೆ. ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯೆಂಬ ಹೆಂಗಸನ್ನು ಗೌರವದಿಂದ ನೆನೆದಿರುವನು. ಕ್ರಿ. ಶ. ೨೫೮ರಲ್ಲಿ ರೋಮಾಪುರದಲ್ಲಿ ಮರಣದಂಡನೆಗೆ ಗುರಿಯಾದ ಲಾರೆನ್ಸನೂ ಡೀಕನನೇ. ಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿಯು ಕೇಳಲು, ಅವನು ಊರಿನ ಕುರುಡರನ್ನೂ ಕುಂಟರನ್ನೂ ದಿಕ್ಕಿಲ್ಲದವರನ್ನೂ ಕರೆತಂದು ನಿಲ್ಲಿಸಿ, ಇವರೇ ಸಭೆಯ ಭಂಡಾರವೆಂದನೆಂದು ಐತಿಹ್ಯ. ಅಸಿಸಿಯ ಫ್ರಾನ್ಸಿಸನು ಕೊನೆಯವರೆಗೂ ಪುರೋಹಿತ ಪದವಿಗೆ ಏರದೆ ಡೀಕನನಾಗಿಯೇ ಉಳಿದನೆಂದು ಹೇಳುವರು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಥಿಯೋಡೋರ್ ಫ್ಲೀಡ್ನರನು ೧೮೩೬ರಲ್ಲಿ ಕೈಸರ್‌ಸ್ವರ್ಥಿನಲ್ಲಿ ಸೇವಕಿಯರ ಮಠವೊಂದನ್ನು ತೆರೆದು ರೋಗಿಗಳ ಶುಶ್ರೂಷೆಯನ್ನು ಒಂದು ವಿದ್ಯೆಯನ್ನಾಗಿ ಮಾಡಿದನು. ಫ್ಲಾರೆನ್ಸ್ ನೈಟಿಂಗೇಲಳು ೧೮೫೧ರಲ್ಲಿ ಅಲ್ಲಿಯೇ ಇದ್ದು ಕಲಿತಳು.

ನಮ್ಮ ನಾಡಿನವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ. ‘ದಾಸೋಹ’ವೆಂಬ ಒಂದು ಮಾತಿನಲ್ಲಿ ಇದೆಲ್ಲವೂ ಅಡಗಿದೆ. ನಾನು ದಾಸನೆಂದು ಬಾಗಿ, ದುಡಿದು ತಂದುದನ್ನು ಪಂಕ್ತಿಗೆ ನೀಡುವುದನ್ನು ಹನ್ನೆರಡನೆಯ ಶತಮಾನದ ಶರಣರು ಬಾಳಿನ ನಿಯಮವನ್ನಾಗಿ ಮಾಡಿದರು. ಅನ್ನದಾಸೋಹದ ಜೊತೆಯಲ್ಲಿ ಜ್ಞಾನದಾಸೋಹವೂ ನಡೆಯಬೇಕೆಂಬುದು ನಮ್ಮ ಮಠಗಳ ಹಳೆಯ ಪದ್ಧತಿ. ಸ್ತೆಫನನ ಬಾಳಿನಲ್ಲಿ ಒಂದಾದ ಆ ಎರಡು ಕೆಲಸಗಳು ನಮ್ಮಲ್ಲಿ ಮೊದಲೇ ಒಂದಾಗಿದ್ದುವು.

೨

ಕ್ರೈಸ್ತ ಸೇವಕರು ಕನ್ನಡ ನಾಡಿಗೆ ಬಂದಾಗ ಏನನ್ನು ಬಡಿಸಿದರು? ಅನ್ನ, ಔಷಧ, ಅಕ್ಷರ ಈ ಮೂರನ್ನೂ ಎಂದು ಹೇಳಬಹುದು. ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯು ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು ಸೀಮೆಗೆ ಬಂದು, ಹಾಸನದ ಕಡೆಯ ಸಾತಳ್ಳಿಯಲ್ಲಿ ದಿಕ್ಕಿಲ್ಲದ ಜನರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದನು; ಸಿಡುಬಿನ ದೇವಿ ಹಾಕಿಸುವ ಪದ್ಧತಿಯನ್ನು ಇಲ್ಲಿ ಹರಡಲು ಶ್ರಮಿಸಿದನು. ೧೮೭೮ರಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರರು ೧೮೮೦ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿಯ ಗುಳಿಗೆಗಳನ್ನು ಹಂಚುವುದರಿಂದ ಆರಂಭಿಸಿ, ಕುಷ್ಠರೋಗಿಗಳ ಆಶ್ರಯವನ್ನೂ ಆಸ್ಪತ್ರೆಯನ್ನೂ ಕಟ್ಟಿ, ೧೯೧೦ರಲ್ಲಿ ಅಲ್ಲಿಯೇ ಮಣ್ಣಾದರು.

೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡವನ್ನೂ ೧೮೩೯ರಲ್ಲಿ ಹುಬ್ಬಳ್ಳಿಯನ್ನೂ ಸೇರಿದರು. ಮೋಗ್ಲಿಂಗ್ ಪಂಡಿತನು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಬಸವಪುರಾಣ, ದಾಸರ ಪದಗಳು, ಜೈಮಿನಿ ಭಾರತ ಮೊದಲಾದುವನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದವನೂ ಅವನೇ. ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಹೊರಬಂದುದನ್ನು ಕನ್ನಡಿಗರೆಲ್ಲರೂ ಬಲ್ಲರು.

ಈ ಮಿಶನ್ನಿನವರ ಸಾಲಿನಲ್ಲಿ ನಮ್ಮ ನಾಡಿನವನೇ ಆದ ಒಬ್ಬನನ್ನು ಪ್ರತ್ಯೇಕವಾಗಿ ನೆನೆಯಬೇಕು. ಆತನು ಹೆರ್ಮನ್ ಆನಂದರಾವ್ ಕೌಂಡಿನ್ಯ. ೧೮೨೫ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಮೋಗ್ಲಿಂಗನ ಶಾಲೆಯಲ್ಲಿ ಓದಿ, ೧೮೪೪ರಲ್ಲಿ ದೀಕ್ಷಾಸ್ನಾನವನ್ನು ಪಡೆದನು. ಅದರಿಂದ ಊರೆಲ್ಲ ಕಲಕಿಹೋಯಿತು, ಮನೆ ಎರವಾಯಿತು. ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿ ೧೮೫೧ರಲ್ಲಿ ಅಭಿಷಿಕ್ತನಾಗಿ ಮರಳಿದನು. ಕೊಡಗಿನಲ್ಲಿ ಹೊಲೆಯರೆಂದು ಕರೆಯಲ್ಪಟ್ಟ ಜನರು ತಲೆಮಾರುಗಳಿಂದ ಭೂಮಿಯೊಡನೆಯೇ ಕೈ ಬದಲಾಗುವ ಆಳುಗಳಾಗಿದ್ದರು. ೧೮೪೩ರ ಕಾಯಿದೆಯು ದಾಸ್ಯವನ್ನು ಕಾಗದದ ಮೇಲೆ ತೊಡೆದಿದ್ದಿತೇ ಹೊರತು ಬಿಡುಗಡೆ ಹೊಂದಿದವನಿಗೆ ಕಾಲೂರಲು ಅಂಗೈಯಗಲ ನೆಲವಿರಲಿಲ್ಲ. ಅಂಥವರಿಗಾಗಿ ಸಿದ್ದಾಪುರದ ಬಳಿ ಕಾಫಿಯ ತೋಟವನ್ನೂ ಒಂದು ಊರನ್ನೂ ಕಟ್ಟಲು ಕೌಂಡಿನ್ಯನು ತನ್ನ ಸ್ವಂತ ಹಣವನ್ನು ಹಾಕಿದನು. ಆ ಊರಿಗೆ ಅವನ ಹೆಸರಿನಿಂದಲೇ ಆನಂದಪುರವೆಂದು ಹೆಸರಾಯಿತು. ಬ್ರಾಹ್ಮಣನಾಗಿ ಹುಟ್ಟಿದವನೊಬ್ಬನು ಹೊಲೆಯರ ಪಂಕ್ತಿಯಲ್ಲಿ ಸೇವಕನಾಗಿ ನಿಂತನು. ೧೮೯೩ರಲ್ಲಿ ಅವನು ತೀರಿಕೊಂಡನು.

ಆದರೆ ಇಲ್ಲಿಯೇ ಒಂದು ಕಷ್ಟವಾದ ಪ್ರಶ್ನೆ ಏಳುವುದು. ಅದನ್ನು ಮರೆಮಾಚಿ ಹೊಗಳಿಕೆಯನ್ನು ಬರೆಯುವುದು ಚರಿತ್ರಕಾರನ ಧರ್ಮವಲ್ಲ. ೧೮೭೬ರಿಂದ ೧೮೭೮ರವರೆಗೆ ಬಿದ್ದ ಮಹಾಕ್ಷಾಮವನ್ನು ನಮ್ಮ ಸೀಮೆ ಮರೆಯುವಂತಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರ ಗಣತಿಯಲ್ಲಿ ೫೦ ಲಕ್ಷ ೫೫ ಸಾವಿರವಿದ್ದುದು ೧೮೮೧ರ ಗಣತಿಯಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನವೆಷ್ಟು, ಅಳಿದುಹೋದ ಜನವೆಷ್ಟು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆ ಕಾಲದಲ್ಲಿ ತಾಯಿತಂದೆಗಳಿಲ್ಲದೆ ಉಳಿದ ಮಕ್ಕಳನ್ನು ಮಿಶನ್ನಿನವರು ಎತ್ತಿಕೊಂಡರು. ವೆಸ್ಲಿಯನ್ನರು ತುಮಕೂರಿನಲ್ಲಿಯೂ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಯಿಸಿದರು. ಎತ್ತಿಕೊಳ್ಳದಿದ್ದರೆ ಆ ಮಕ್ಕಳು ಸಾಯುತ್ತಿದ್ದುವು. ಎತ್ತಿಕೊಂಡುದರಿಂದ ಅವು ಕ್ರೈಸ್ತ ಮಕ್ಕಳಾಗಿ ಬೆಳೆದುವು. ಆಗ ನೆರೆಯವರು ಕೇಳಿದ ಪ್ರಶ್ನೆಯಿದು: ಈ ಅನ್ನವು ದಾಸೋಹವೋ, ಇಲ್ಲವೆ ಗಾಳದ ಮೊನೆಗೆ ಸಿಕ್ಕಿಸಿದ ಎರೆಯೋ? ಈ ಪ್ರಶ್ನೆಯನ್ನು ಕೇಳಿದವರೆಲ್ಲರೂ ದ್ವೇಷಿಗಳಾಗಿರಲಿಲ್ಲ. ಇದಕ್ಕೆ ಗುರಿಯಾದವರೆಲ್ಲರೂ ಕಪಟಿಗಳಾಗಿರಲಿಲ್ಲ. ಆದರೂ ಪ್ರಶ್ನೆಯು ಉಳಿದೇ ಉಳಿಯಿತು. ಸೇವೆಗೆ ಪ್ರತಿಫಲವನ್ನು ಬಯಸದ ಸಭಾಸೇವಕನೊಬ್ಬನ ಬಾಳು ಮಾತ್ರವೇ ಇದಕ್ಕೆ ಉತ್ತರವಾಗಬಲ್ಲುದಾಗಿತ್ತು.

೩

ಆ ಕ್ಷಾಮವು ಕಳೆದ ಮೂರು ವರ್ಷಗಳಲ್ಲಿ, ೧೮೮೧ನೆಯ ಅಕ್ಟೋಬರ್ ೨೮ರಂದು ಚನ್ನಪ್ಪನವರು ಧಾರವಾಡದಲ್ಲಿ ಹುಟ್ಟಿದರು. ತಂದೆ ದಾನಿಯೇಲಪ್ಪನವರು. ತಂದೆಯ ಹೆಸರು ಹಳೆಯ ಒಡಂಬಡಿಕೆಯದು. ಮಗನ ಹೆಸರು ಮಾತ್ರ ಕನ್ನಡದ ಮಣ್ಣಿನದು. ‘ಚನ್ನಪ್ಪ’ ಎಂಬ ಹೆಸರನ್ನು ಕೇಳಿದವನು, ಅವರು ಯಾವ ಗುಡಿಗೆ ನಡೆದುಕೊಳ್ಳುವರೆಂದು ಹೇಳಲಾರನು. ಇದು ಸಣ್ಣ ಸಂಗತಿಯಾದರೂ ಮುಂದಿನ ಬಾಳಿಗೆ ಶಕುನದಂತೆ ಇದೆ. ಧಾರವಾಡದಲ್ಲಿ ಓದು ಮುಗಿಸಿ, ಮಂಗಳೂರಿನ ಬಾಸೆಲ್ ಮಿಶನ್ನಿನ ದೈವಜ್ಞಾನಶಾಲೆಯಲ್ಲಿ ಧರ್ಮಶಾಸ್ತ್ರವನ್ನು ಅಭ್ಯಸಿಸಿ, ಅವರು ಮಿಶನ್ನಿನ ಸೇವೆಗೆ ಸೇರಿದರು. ಉತ್ತರ ಕರ್ನಾಟಕದ ಸಭೆಗಳಲ್ಲಿ ಬೋಧಕರಾಗಿ ದುಡಿಯುವುದೇ ಅವರ ಜೀವನೋಪಾಯವಾಯಿತು. ಅವರು ಹೊತ್ತ ಪದವಿಯ ಹೆಸರು ಬೋಧಕನೆಂದೇ ಹೊರತು ಡೀಕನ್ ಎಂದಲ್ಲ. ಆದರೆ ಪದವಿಯ ಹೆಸರಿಗಿಂತ ಬಾಳಿನ ಬಗೆ ದೊಡ್ಡದು. ಏಳು ಮಂದಿಯನ್ನು ಆರಿಸಿದಾಗ ಸಭೆಯು ಯಾವ ಗುಣವನ್ನು ಅರಸಿತೋ ಅದು ಇವರಲ್ಲಿ ತುಂಬಿತ್ತು.

ಹಳ್ಳಿಯ ಬೋಧಕನ ಕೆಲಸವೆಂದರೆ ಏನೆಂಬುದನ್ನು ಪಟ್ಟಣದ ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಆದಿತ್ಯವಾರದ ಪ್ರಸಂಗವು ಅದರಲ್ಲಿ ಅತ್ಯಲ್ಪ ಭಾಗ. ಬೇನೆ ಬಿದ್ದವರ ಮನೆ, ಸತ್ತವರ ಮನೆ, ಮದುವೆಯ ಮನೆ, ಜಗಳವಾಡಿದ ಅಣ್ಣತಮ್ಮಂದಿರ ಮನೆ, ಸಾಲಗಾರನು ಬಂದು ಕುಳಿತ ಮನೆ, ಹೀಗೆ ಮನೆಯಿಂದ ಮನೆಗೆ ಕಾಲ್ನಡೆಯಾಗಿಯೋ ಚಕ್ಕಡಿಯಲ್ಲಿಯೋ ಹೋಗುತ್ತಿರಬೇಕು. ಇಂಥ ತಿರುಗಾಟದಲ್ಲಿ ಪಾದ್ರಿಯು ಹೇಳುವುದಕ್ಕೆಂದು ಹೋಗುವನೆಂಬುದು ಲೋಕದ ಎಣಿಕೆ. ಚನ್ನಪ್ಪನವರು ಕೇಳುವುದನ್ನೂ ಕಲಿತರು. ಜೋಳ ಬೀಸುವವಳ ಬಾಯಲ್ಲಿ, ರಂಟೆ ಹೊಡೆಯುವವನ ಬಾಯಲ್ಲಿ, ಚಾವಡಿಯಲ್ಲಿ ಕುಳಿತ ಮುದುಕನ ಬಾಯಲ್ಲಿ ಮೂರು ಸಾಲಿನ ಪದಗಳು ಬಂದವು. ಪ್ರತಿಯೊಂದರ ಕೊನೆಯಲ್ಲಿಯೂ ‘ಸರ್ವಜ್ಞ’ ಎಂಬ ಅಂಕಿತವು ಮುದ್ರೆಯೊತ್ತಿದಂತೆ ನಿಲ್ಲುತ್ತಿತ್ತು.

ಸರ್ವಜ್ಞನು ಕನ್ನಡಿಗರಿಗೆ ಹೊಸಬನಲ್ಲ. ಅಬ್ಬೆ ದ್ಯುಬುವಾನೂ ಅವನ ಹೆಸರನ್ನು ತನ್ನ ಗ್ರಂಥದಲ್ಲಿ ಬರೆದಿರುವನು. ಆದರೆ ಎಲ್ಲರ ಬಾಯಲ್ಲಿ ಇರುವುದು ಯಾರ ಕೈಯಲ್ಲಿಯೂ ಇರುವುದಿಲ್ಲ. ಒಂದೇ ತ್ರಿಪದಿಯು ಒಂದು ಊರಿನಲ್ಲಿ ಒಂದು ಬಗೆ, ಇನ್ನೊಂದು ಊರಿನಲ್ಲಿ ಇನ್ನೊಂದು ಬಗೆ. ಯಾರೋ ಕಟ್ಟಿದ ಒಗಟು, ಯಾರೋ ಹೇಳಿದ ಮದ್ದಿನ ಮಾತು, ಯಾರೋ ತನಗಾಗದವರ ಜಾತಿಯನ್ನು ಬಯ್ದ ಬಯ್ಗಳು, ಇವೆಲ್ಲವೂ ಅವನ ಅಂಕಿತವನ್ನು ಹಾಕಿಕೊಂಡು ಅವನ ಮನೆಯನ್ನು ಹೊಕ್ಕಿದ್ದುವು. ಲಿಪಿಕಾರರ ತಪ್ಪುಗಳು ಬೇರೆ. ಇಂಥ ರಾಶಿಯಲ್ಲಿ ಕಾಳನ್ನೂ ಹೊಟ್ಟನ್ನೂ ತೂರಿ ಬೇರ್ಪಡಿಸುವುದಕ್ಕೆ ಬರಿಯ ಪಾಂಡಿತ್ಯವು ಸಾಲದು; ಕಣದಲ್ಲಿ ಬಿಸಿಲಿಗೆ ನಿಲ್ಲುವ ತಾಳ್ಮೆಯೂ ಬೇಕು. ಚನ್ನಪ್ಪನವರು ಹಲವು ವರ್ಷಗಳ ಕಾಲ ಕೈಬರಹದ ಪ್ರತಿಗಳನ್ನು ಅರಸಿ ತಂದು, ಜನರ ಬಾಯಿಂದ ಕೇಳಿ ಬರೆದುಕೊಂಡು, ಒಂದನ್ನೊಂದಕ್ಕೆ ಹೋಲಿಸಿ ನೋಡಿ, ವಿಷಯಕ್ಕನುಸಾರವಾಗಿ ವಿಂಗಡಿಸಿ, ಸುಮಾರು ಎರಡು ಸಾವಿರ ವಚನಗಳ ಸಂಗ್ರಹವನ್ನು ೧೯೨೪ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾನಿಲಯದ ಪೀಠವಾಗಲಿ ಅರಸನ ಆಶ್ರಯವಾಗಲಿ ಅವರಿಗೆ ಇರಲಿಲ್ಲ. ಸಭೆಯ ಕೆಲಸವನ್ನು ಮುಗಿಸಿ ಉಳಿದ ಹೊತ್ತು, ಸಂಸಾರದ ವೆಚ್ಚವನ್ನು ಕಳೆದು ಉಳಿದ ಕಾಸು, ಇವೆರಡೇ ಅವರ ಬಂಡವಲು.

ಅವರಿಗೆ ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಸಂದಿತು. ಇದಕ್ಕಿಂತ ಒಪ್ಪುವ ಬಿರುದನ್ನು ಯಾವ ಅರಸನೂ ಕೊಡಲಾರನು. ಸರ್ವಜ್ಞನು ತಾನೇ ಕಪ್ಪರವನ್ನು ಹಿಡಿದು ಊರೂರು ತಿರುಗಿದವನು. ಇಕ್ಕಿದವರ ಮನೆಯಲ್ಲಿ ಉಂಡು ಉಳಿದವರಿಗೆ ಬುದ್ಧಿಯನ್ನು ಹೇಳಿ ಹೋದವನು. ಹಾಗೆ ಅವನು ನಾಡಿಗೆ ಎರಚಿಹೋದುದನ್ನು ಮತ್ತೊಬ್ಬ ತಿರುಕನು ಮನೆಮನೆಗೂ ಹೋಗಿ ಬೇಡಿ ತಂದನು. ಬೇಡಿ ತಂದುದನ್ನು ತಾನೇ ಇಟ್ಟುಕೊಳ್ಳದೆ ನಾಡಿಗೆಲ್ಲ ಪಂಕ್ತಿಯಿಕ್ಕಿ ಬಡಿಸಿದನು. ದಿಯಾಕೊನೊಸ್ ಎಂಬ ಶಬ್ದಕ್ಕೆ ಇದಕ್ಕಿಂತ ಬೇರೆ ಭಾಷ್ಯವು ಬೇಕೆ?

೪

ಇನ್ನು ನಾವು ಮೇಲೆ ಎತ್ತಿದ ಪ್ರಶ್ನೆಗೆ ಮರಳಬಹುದು. ಸೇವೆಯು ಎರೆಯೋ ಎಂದು ಕೇಳುವವನಿಗೆ ಚನ್ನಪ್ಪನವರ ಬಾಳು ಏನು ಉತ್ತರವನ್ನು ಕೊಡುತ್ತದೆ?

ಸರ್ವಜ್ಞನನ್ನು ಅಚ್ಚುಹಾಕಿಸಿದುದರಿಂದ ಅವರ ಸಭೆಗೆ ಒಬ್ಬ ಮನುಷ್ಯನೂ ಹೆಚ್ಚಾಗಲಿಲ್ಲ. ಹೆಚ್ಚಾಗಲೆಂದು ಅವರು ಅದನ್ನು ಮಾಡಲೂ ಇಲ್ಲ. ಶಿವನನ್ನು ನೆನೆದ ಕವಿಯೊಬ್ಬನ ಮಾತುಗಳನ್ನು ಕ್ರಿಸ್ತನನ್ನು ನೆನೆಯುವವನೊಬ್ಬನು ತೊಳೆದು ಒರಸಿ ಅವನ ಮನೆಯವರಿಗೇ ಮರಳಿ ಒಪ್ಪಿಸಿದನು. ಇದರಲ್ಲಿ ಅವರಿಗೆ ಎರಡು ಕಡೆಯಿಂದಲೂ ಕಷ್ಟವಿದ್ದಿತೆಂಬುದು ಸಹಜವಾಗಿಯೇ ಊಹಿಸಬಹುದಾದ ಸಂಗತಿ. ಬೋಧಕನಾದವನಿಗೆ ಅನ್ಯಧರ್ಮದ ವಚನಗಳೇಕೆಂದು ಒಳಗಿನವರು ಕೇಳಬಹುದು. ನಮ್ಮ ವಚನಗಳು ಪಾದ್ರಿಗೇಕೆಂದು ಹೊರಗಿನವರು ಶಂಕಿಸಬಹುದು. ಎರಡು ಮನೆಗಳ ನಡುವಣ ಹೊಸ್ತಿಲ ಮೇಲೆ ನಿಂತವನ ಪಾಡು ಯಾವಾಗಲೂ ಹೀಗೆಯೇ. ಮಹಾರಾಷ್ಟ್ರದಲ್ಲಿ ನಾರಾಯಣ ವಾಮನ ಟಿಳಕರೆಂಬ ಕವಿಗಳು ಕ್ರೈಸ್ತರಾದ ಮೇಲೆಯೂ ಜ್ಞಾನದೇವ ತುಕಾರಾಮರ ದಾರಿಯಲ್ಲಿಯೇ ಅಭಂಗಗಳನ್ನು ಹಾಡಿ, ಕೊನೆಗೆ ೧೯೧೭ರಲ್ಲಿ ಮಿಶನ್ನಿನ ಸಂಬಳವನ್ನು ಬಿಟ್ಟುಕೊಟ್ಟರು. ಚನ್ನಪ್ಪನವರು ಸಭೆಯೊಳಗೆ ಇದ್ದುಕೊಂಡೇ ಹೊಸ್ತಿಲನ್ನು ಕಾದರು.

ಅವರ ಗ್ರಂಥವೊಂದಕ್ಕೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಹೆಸರು. ವಾಚಕರು ಈ ಹೆಸರನ್ನು ಮೆಲ್ಲಗೆ ಓದಬೇಕು. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆಯನ್ನು ಕಳುಹಿಸಲಿಲ್ಲ, ಎಚ್ಚರಿಕೆಯನ್ನು ಕೊಡಲಿಲ್ಲ, ವಿನಂತಿಯನ್ನು ಮಾಡಿಕೊಂಡಿತು. ವಿನಂತಿ ಮಾಡಿಕೊಳ್ಳುವವನು ಕೆಳಗೆ ನಿಲ್ಲುತ್ತಾನೆ. ಎದುರಿಗಿರುವವನಿಗೆ ಇಲ್ಲವೆನ್ನುವ ಅಧಿಕಾರವುಂಟೆಂದು ಒಪ್ಪಿಕೊಂಡೇ ಮಾತನ್ನು ಆರಂಭಿಸುತ್ತಾನೆ. ಸೇವಕನ ಧಾಟಿಯೇ ಇದು. ತನ್ನ ನಂಬಿಕೆಯನ್ನು ಅವರು ಮುಚ್ಚಿಡಲೂ ಇಲ್ಲ. ಅದನ್ನು ಅನ್ನದ ತಟ್ಟೆಯ ಕೆಳಗೆ ಅಡಗಿಸಿ ನೀಡಲೂ ಇಲ್ಲ. ಹೇಳಬೇಕಾದುದನ್ನು ಹೇಳಬೇಕಾದ ಕಡೆಯಲ್ಲಿ ಹೇಳಿ, ಬಡಿಸಬೇಕಾದುದನ್ನು ಷರತ್ತಿಲ್ಲದೆ ಬಡಿಸಿದರು. ಎರೆಗೂ ದಾಸೋಹಕ್ಕೂ ಇರುವ ಭೇದವು ಇಷ್ಟೇ.

ಅವರ ಮುಂದಿನ ಕೆಲಸಗಳು ಈ ಮಾತನ್ನು ಇನ್ನಷ್ಟು ಗಟ್ಟಿಗೊಳಿಸುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅವರು ಯಾರನ್ನು ಆರಿಸಿಕೊಂಡರೆಂಬುದನ್ನು ನೋಡಿರಿ. ಒಬ್ಬನು ಮೋಳಿಗೆಯ ಮಾರಯ್ಯ: ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಾಡಿನ ಕಟ್ಟಿಗೆಯನ್ನು ಮಾರಿ ದಾಸೋಹವನ್ನು ನಡೆಯಿಸಿದನೆಂದು ಪ್ರಸಿದ್ಧನಾದವನು. ಅವನ ಮತ್ತು ಅವನ ರಾಣಿ ಮಹಾದೇವಿಯ ವಚನಗಳನ್ನು ಚನ್ನಪ್ಪನವರು ಸಂಪಾದಿಸಿದರು. ಇನ್ನೊಬ್ಬನು ಸೊನ್ನಲಿಗೆಯ ಸಿದ್ಧರಾಮ: ಕೆರೆಯನ್ನು ಅಗೆಯುವುದನ್ನೇ ಯೋಗವನ್ನಾಗಿ ಮಾಡಿಕೊಂಡವನು. ಅವನ ಸಾಹಿತ್ಯವನ್ನೂ ಅವರು ಸಂಗ್ರಹಿಸಿ ಕೊಟ್ಟರು. ನೀರಿಗಾಗಿ ಕೆರೆಯನ್ನು ತೋಡಿದವನು, ಅನ್ನಕ್ಕಾಗಿ ಕಟ್ಟಿಗೆಯನ್ನು ಹೊತ್ತವನು, ಭಿಕ್ಷದ ಕಪ್ಪರದಲ್ಲಿ ಬುದ್ಧಿಯನ್ನು ತುಂಬಿದವನು. ಇವರೇ ಅವರ ಮನಸ್ಸಿಗೆ ಹಿಡಿದ ಹಿರಿಯರು. ಸೇವಕನು ಸೇವಕರನ್ನೇ ಗುರುತಿಸಿದನೆಂದು ಹೇಳಬೇಕಾಗಿದೆ.

ಅನುಭವಮಂಟಪದ ವಿಚಾರದಲ್ಲಿ ಅವರು ತೋರಿಸಿದ ನಿಷ್ಠೆಯಂತೂ ವೀರಶೈವ ಸಮಾಜವು ಎಂದೂ ಮರೆಯಬಾರದಂಥದು. ಕಲ್ಯಾಣದಲ್ಲಿ ಅಂಥ ಮಂಟಪವೊಂದು ನಿಜವಾಗಿ ಇದ್ದಿತೇ ಎಂದು ವಿದ್ವಾಂಸರಾದ ಕಪಟರಾಳ ಕೃಷ್ಣರಾಯರು ಸಂದೇಹವನ್ನು ಎತ್ತಿದರು. ಸಂದೇಹಿಸುವುದು ಚರಿತ್ರಕಾರನ ಹಕ್ಕು. ಉತ್ತರವನ್ನು ಹೇಳುವವನು ಆಧಾರಗಳನ್ನು ತರಬೇಕು. ಚನ್ನಪ್ಪನವರು ವಚನಗಳಿಂದಲೂ ಇತರ ಗ್ರಂಥಗಳಿಂದಲೂ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ‘ಅನುಭವಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನು ರಚಿಸಿದರು. ೧೯೫೧ರಲ್ಲಿ ಅದು ಹೊರಬಂದಾಗ ಅವರಿಗೆ ಎಪ್ಪತ್ತು ವರ್ಷಗಳಾಗುತ್ತಿದ್ದುವು. ಬಸವಣ್ಣನ ಪಕ್ಷವಾಗಿ ಕ್ರೈಸ್ತ ಬೋಧಕನೊಬ್ಬನು ವಾದಿಸಲು ನಿಂತ ಈ ದೃಶ್ಯವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ವಾದದ ತೀರ್ಪು ಏನೇ ಇರಲಿ, ವಿದ್ವಾಂಸರು ಇಂದಿಗೂ ಅದನ್ನು ಚರ್ಚಿಸಲಿ. ಆದರೆ ಮೇಲುಕೀಳುಗಳಿಲ್ಲದೆ ಎಲ್ಲರೂ ಕುಳಿತು ಮಾತಾಡುವ ಒಂದು ಮಂಟಪವು ಈ ನೆಲದಲ್ಲಿ ಇದ್ದಿತೆಂದು ನಂಬುವುದು ಆ ವೃದ್ಧರಿಗೆ ಬರಿಯ ಶಾಸ್ತ್ರದ ಮಾತಾಗಿರಲಿಲ್ಲ. ತಾವು ಆಯುಸ್ಸೆಲ್ಲ ನಿಂತಿದ್ದ ಹೊಸ್ತಿಲು ಆ ಮಂಟಪದ ಹೊಸ್ತಿಲೇ ಆಗಿರಬೇಕೆಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

೫

ನಾಡು ಅವರನ್ನು ಮರೆಯಲಿಲ್ಲ. ೧೯೪೭ರಲ್ಲಿ ನಮ್ಮ ನೆರೆಯ ಹರಪನಹಳ್ಳಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇ­ಳನವು ನೆರೆದಿತ್ತು. ಅದಾದ ಎರಡು ವರ್ಷಗಳಿಗೆ, ೧೯೪೯ರಲ್ಲಿ, ಕಲಬುರಗಿಯಲ್ಲಿ ನೆರೆದ ೩೨ನೆಯ ಸಮ್ಮೇಳನಕ್ಕೆ ಚನ್ನಪ್ಪನವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಆ ಸ್ಥಳವೂ ಕಾಲವೂ ವಿಚಾರಮಾಡತಕ್ಕವು. ಹೈದರಾಬಾದಿನ ಸಂಸ್ಥಾನವು ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯ ಕನ್ನಡಿಗರು ರಜಾಕಾರರ ಹಾವಳಿಯಿಂದ ಈಗತಾನೆ ಪಾರಾಗಿದ್ದರು. ಮತದ ಹೆಸರಿನಲ್ಲಿ ಹರಿದ ನೆತ್ತರು ಆರಿರಲಿಲ್ಲ. ಅಂಥ ನೆಲದಲ್ಲಿ, ಅಂಥ ಹೊತ್ತಿನಲ್ಲಿ, ಹಿಂದುಗಳೂ ಮುಸಲ್ಮಾನರೂ ಬಾಳುವ ಊರಿನಲ್ಲಿ, ಕನ್ನಡಿಗರು ತಮ್ಮ ಹಿರಿಯ ಪೀಠಕ್ಕೆ ಕ್ರೈಸ್ತ ಸೇವಕನೊಬ್ಬನನ್ನು ಕರೆತಂದು ಕುಳ್ಳಿರಿಸಿದರು. ಇದು ಚನ್ನಪ್ಪನವರಿಗೆ ಸಂದ ಗೌರವವೆಂದರೆ ಅರ್ಧ ಮಾತಾದೀತು. ಕನ್ನಡ ನಾಡು ತನಗೆ ತಾನೇ ಸಲ್ಲಿಸಿಕೊಂಡ ಗೌರವವೆನ್ನುವುದು ಸರಿ. ೧೯೬೨ನೆಯ ಆಗಸ್ಟ್ ೨೮ರಂದು ಅವರು ದೇಹವನ್ನು ಬಿಟ್ಟರು.

೧೯೪೭ರಲ್ಲಿಯೇ ಹಲವು ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಆ ಸಭೆಯಲ್ಲಿ ಬೋಧಕನಾಗತಕ್ಕವನು ಮೊದಲು ಡೀಕನನಾಗಿ ಅಭಿಷಿಕ್ತನಾಗಬೇಕೆಂಬ ನಿಯಮವಿದೆ. ಮೊದಲು ಸೇವಕ, ಆಮೇಲೆ ಬೋಧಕ. ಚನ್ನಪ್ಪನವರು ಬೋಧಕರಾಗಿ ಬಹುಕಾಲ ಬಾಳಿದ ಮೇಲೆಯೂ ಸೇವಕರಾಗಿಯೇ ಉಳಿದರು. ಮೇಲಿನ ಮೆಟ್ಟಿಲನ್ನು ಹತ್ತಿದವರು ಕೆಳಗಿನ ಮೆಟ್ಟಿಲನ್ನು ಮರೆಯುವುದು ಲೋಕರೂಢಿ. ಮಠದಲ್ಲಿಯೂ ಇದು ನಿಜ, ದೇವಾಲಯದಲ್ಲಿಯೂ ನಿಜ, ಸರಕಾರದ ಕಚೇರಿಯಲ್ಲಿಯೂ, ನಮ್ಮಂಥ ಸಾಹಿತ್ಯ ಸಂಘಗಳಲ್ಲಿಯೂ ನಿಜ.

ಈ ಲೇಖನವನ್ನು ಓದುವ ಮನೆಗಳಲ್ಲಿ ಸರ್ವಜ್ಞನ ವಚನಗಳ ಪುಸ್ತಕವೊಂದು ಇದ್ದೇ ಇರುವುದು. ಮಕ್ಕಳು ಅದರಿಂದ ಕಂಠಪಾಠ ಮಾಡುವರು. ಹಿರಿಯರು ಮಾತಿಗೆ ಮಾತು ಜೋಡಿಸುವಾಗ ಅದನ್ನು ನೆನೆಯುವರು. ಬಡಿಸಿದವನನ್ನು ಉಂಡವರು ನೆನೆಯಬೇಕೆಂಬ ಕಟ್ಟಳೆಯೇನೂ ಇಲ್ಲ. ಒಳ್ಳೆಯ ಸೇವಕನು ಅದನ್ನು ಬಯಸುವವನೂ ಅಲ್ಲ. ಆದರೂ ನಮ್ಮ ಸೀಮೆಯ ಮುದುಕರು ಮುದುಕಿಯರ ಬಾಯಲ್ಲಿ ಇನ್ನೂ ಅಚ್ಚಾಗದೆ ಉಳಿದ ಪದಗಳು, ಒಗಟುಗಳು, ಬೀಸುವ ಕಲ್ಲಿನ ಹಾಡುಗಳು ಎಷ್ಟೋ ಇವೆ. ವರ್ಷ ವರ್ಷವೂ ಅವರೊಡನೆಯೇ ಮಣ್ಣಾಗುತ್ತಲೂ ಇವೆ. ಸೊಕ್ಕೆಯ ಸುತ್ತಣ ಹಳ್ಳಿಗಳಲ್ಲಿ ಯಾರಾದರೊಬ್ಬರು ಕಾಗದವನ್ನೂ ಲೇಖನಿಯನ್ನೂ ಹಿಡಿದು ಆ ಬಾಗಿಲುಗಳಿಗೆ ಹೋಗಿ, ‘ಅವ್ವಾ, ನಿನಗೆ ಗೊತ್ತಿರುವ ಪದವೊಂದನ್ನು ನೀಡವ್ವಾ’ ಎಂದು ಬೇಡಿ ನಿಂತರೆ, ಉತ್ತಂಗಿಯ ತಿರುಕನ ಕಪ್ಪರವು ಬರಿದಾಗದೆ ಉಳಿದೀತು. ಅವರ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಗೋರಿಗಲ್ಲು ಬೇಕಾಗಿಲ್ಲ.